ಅಪ್ಪ ಸೈಕಲ್ ಹೊಡೀತಾರೆ, ಹೊಸಿಲು ಮಾತ್ರ ದಾಟಲ್ಲ: ಈ ‘ಬೀಟಾ ಅಲೆ’ ಅಂದ್ರೆ ಏನು?

ಹಿನ್ನೀರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಅಪ್ಪನಿಗೆ 69 ವರ್ಷ. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಪಾರ್ಕಿನ್ಸನ್ ಅಂತ ಗೊತ್ತಾಗಿ ಎಂಟು ವರ್ಷ. ನಡುಕ ಅಷ್ಟಿಲ್ಲ, ಮೈ ಬಿಗಿತ ಮತ್ತು ನಿಧಾನವೇ ಜಾಸ್ತಿ. ಈಗೊಂದು ವರ್ಷದಿಂದ ಹೊಸ ತೊಂದರೆ ಶುರುವಾಗಿದೆ. ನಡುಮನೆಯಿಂದ ಅಡುಗೆಮನೆಗೆ ಹೋಗೋವಾಗ ಹೊಸಿಲ ಹತ್ತಿರ ಬಂದ ಕೂಡ್ಲೇ ಎರಡೂ ಪಾದ ನೆಲಕ್ಕೆ ಅಂಟಿಕೊಂಡುಬಿಡುತ್ತೆ. ಮೈ ಮುಂದಕ್ಕೆ ಬಾಗುತ್ತೆ, ಕಾಲು ಬರಲ್ಲ. ಎರಡು ಸಲ ಬಿದ್ದಿದ್ದಾರೆ.

ಅದೇ ಅಪ್ಪ ಹೋದ ಭಾನುವಾರ ತಮ್ಮನ ಸೈಕಲ್ ತಗೊಂಡು ತೋಟದ ದಾರಿಯಲ್ಲಿ ಆ ತುದಿ ತನಕ ಹೋಗಿ ಆರಾಮಾಗಿ ವಾಪಸ್ ಬಂದ್ರು! ಸೈಕಲ್ ಇಳಿದು ಮೆಟ್ಟಿಲ ಹತ್ತಿರ ಬಂದ್ರೆ ಮತ್ತೆ ಕಂಬ. ಅಮ್ಮ ‘ಬೇಕಾದಾಗ ಬರುತ್ತೆ, ಬೇಡದಾಗ ಬರಲ್ಲ, ಎಲ್ಲಾ ನಾಟಕ’ ಅಂತ ಬೈದ್ರು. ಅಪ್ಪ ಏನೂ ಮಾತಾಡಲಿಲ್ಲ.

ಡಿಬಿಎಸ್ ಆಪರೇಷನ್ (ಮೆದುಳಿನ ಆಳಕ್ಕೆ ತಂತಿ ಇಳಿಸಿ ಕರೆಂಟ್ ಕೊಡೋದು) ಬಗ್ಗೆ ವಿಚಾರಿಸೋಕೆ ಬೆಂಗಳೂರಿಗೆ ಹೋಗಿದ್ವಿ. ಅಲ್ಲಿ ಒಬ್ಬ ಡಾಕ್ಟರು ‘ಈಗ ಮೆದುಳಿನ ಬೀಟಾ ನೋಡ್ಕೊಂಡು ತಾನೇ ಕರೆಂಟ್ ಹೊಂದಿಸಿಕೊಳ್ಳೋ ಮಶೀನ್ ಬಂದಿದೆ’ ಅಂದ್ರು. ಬೀಟಾ ಅಂದ್ರೇನು ಅಂತ ಕೇಳೋ ಅಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಾಗಿತ್ತು. ವಾಪಸ್ ಬರೋವಾಗ ಬಸ್ಸಲ್ಲಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಅದು ಎಷ್ಟು ಸೈಕಲ್ಲಿಂದು?’ (ಲೈನ್‌ಮನ್‌ಗಳಿಗೆ ಹರ್ಟ್ಸ್ ಅಂದ್ರೆ ಸೈಕಲ್.) ಯಾರಾದ್ರೂ ಗೊತ್ತಿದ್ದವರು ಹೇಳ್ತೀರಾ?

ಡಿಸಿಬೆಲ್ ಭಟ್ಟ

ನಿಮ್ಮ ತಂದೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ಉತ್ತರ: 13ರಿಂದ 30 ಸೈಕಲ್. ಮನೆಗೆ ಬರೋ ಕರೆಂಟ್ 50 ಸೈಕಲ್, ಬೀಟಾ ಅದಕ್ಕಿಂತ ಎಷ್ಟೋ ನಿಧಾನ ಅನ್ನಿ.

ನಾನು ಡಾಕ್ಟರ್ ಅಲ್ಲ. ಜರ್ಮನಿಯಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಕೆಲಸ, ದಿನವಿಡೀ ಇಂಥ ಗೆರೆಗಳನ್ನೇ ನೋಡೋದು. ಇದೇ ದೇಶದ ಯೇನಾ ಊರಲ್ಲಿ ಹಾನ್ಸ್ ಬರ್ಗರ್ ಅನ್ನೋ ಮನೋವೈದ್ಯ 1924ರಲ್ಲಿ ಮೊದಲ ಸಲ ಮನುಷ್ಯನ ಮೆದುಳಿನ ವಿದ್ಯುತ್ತನ್ನು ದಾಖಲಿಸಿದ. ಪ್ರಕಟಿಸೋ ಧೈರ್ಯ ಬಂದಿದ್ದು 1929ರಲ್ಲಿ. ಎದ್ದು ಕಾಣೋ 10 ಸೈಕಲ್ಲಿನ ಅಲೆಗೆ ಆಲ್ಫಾ ಅಂದ, ಅದಕ್ಕಿಂತ ಸಣ್ಣಗೆ ಬೇಗಬೇಗ ಬರೋದಕ್ಕೆ ಬೀಟಾ ಅಂದ. ಹೆಸರಲ್ಲಿ ಬೇರೆ ಗೂಢಾರ್ಥ ಏನೂ ಇಲ್ಲ, ಗ್ರೀಕ್ ಅಕ್ಷರಮಾಲೆಯ ಎರಡನೇ ಅಕ್ಷರ ಅಷ್ಟೇ.

ಬೀಟಾ ಚಲನೆಗೆ ಸಂಬಂಧಪಟ್ಟಿದ್ದು ಅಂತ ಸ್ಪಷ್ಟವಾಗಿದ್ದು 1949ರಲ್ಲಿ. ಮಾಂಟ್ರಿಯಲ್‌ನಲ್ಲಿ ಜಾಸ್ಪರ್ ಮತ್ತು ಪೆನ್‌ಫೀಲ್ಡ್ ಆಪರೇಷನ್ ಟೇಬಲ್ ಮೇಲೆ ಎಚ್ಚರವಾಗಿದ್ದ ರೋಗಿಗಳ ಮೆದುಳಿನ ಮೇಲೆ ನೇರವಾಗಿ ಎಲೆಕ್ಟ್ರೋಡ್ ಇಟ್ಟು ನೋಡಿದ್ರು. ಕೈ ಆಡಿಸೋಕೆ ಹೋದಾಗ ಕೈಗೆ ಸಂಬಂಧಪಟ್ಟ ಜಾಗದಲ್ಲಿ ಬೀಟಾ ಅಡಗಿಬಿಡ್ತಿತ್ತು.

ಮುಂದೆ ಕಾಫಿ ಲೋಟ ಇದೆ ಅನ್ಕೊಳ್ಳಿ. ಅದನ್ನು ಎತ್ತೋ ಮುಂಚೆಯೇ, ಕೈ ಇನ್ನೂ ಅಲ್ಲಾಡಿರಲ್ಲ, ಆಗಲೇ ಬೀಟಾ ಇಳಿಯೋಕೆ ಶುರು. ಕೈ ಚಲಿಸೋವಾಗ ತಳ ಹಿಡಿದಿರುತ್ತೆ. ಲೋಟ ಎತ್ತಿ ಗಾಳಿಯಲ್ಲಿ ಅಲ್ಲಾಡದ ಹಾಗೆ ಹಿಡ್ಕೊಂಡ್ರೆ ಮತ್ತೆ ತಲೆ ಎತ್ತುತ್ತೆ. ಕೆಳಗಿಟ್ಟು ಕೈ ಬಿಟ್ಟ ಮೇಲೆ ಒಂದು ಸೆಕೆಂಡಿನೊಳಗೆ ಮೊದಲಿದ್ದಕ್ಕಿಂತ ಜೋರಾಗಿ ಪುಟಿಯುತ್ತೆ. ಅಂದ್ರೆ ಬೀಟಾ ಚಲನೆಯ ಅಲೆಯಲ್ಲ, ‘ಈಗ ಹೇಗಿದ್ದೀಯೋ ಹಾಗೇ ಇರು’ ಅನ್ನೋ ಅಲೆ. 2010ರಲ್ಲಿ ಎಂಗೆಲ್ ಮತ್ತು ಫ್ರೀಸ್ ಅನ್ನೋ ಇಬ್ಬರು ಈ ವಾದವನ್ನೇ ಮುಂದಿಟ್ರು. ನಮ್ಮ ಕೋರ್ಟ್ ಭಾಷೆಯಲ್ಲಿ ಹೇಳೋದಾದ್ರೆ ಯಥಾಸ್ಥಿತಿ ಕಾಪಾಡಿ ಅನ್ನೋ ತಡೆಯಾಜ್ಞೆ. ಹೆಜ್ಜೆ ಎತ್ತಬೇಕಾದ್ರೆ ಮೊದಲು ಆ ಸ್ಟೇ ತೆರವಾಗಬೇಕು.

ನರಮಂಡಲ

ಭಟ್ರ ತಡೆಯಾಜ್ಞೆ ಹೋಲಿಕೆ ಕದ್ದುಕೊಳ್ತೀನಿ, ನಾಳೆ ರೌಂಡ್ಸ್‌ನಲ್ಲಿ ಬೇಕಾಗುತ್ತೆ. ನರರೋಗ ವಿಭಾಗದಲ್ಲಿ ಪಿಜಿ ಮಾಡ್ತಿದ್ದೀನಿ. ಇಲ್ಲಿ ಹೇಳೋದನ್ನ ಮಾಹಿತಿ ಅಂತ ಮಾತ್ರ ತಗೊಳ್ಳಿ, ಚಿಕಿತ್ಸೆ ನಿಮ್ಮ ಡಾಕ್ಟರದ್ದೇ.

ಪಾರ್ಕಿನ್ಸನ್‌ನಲ್ಲಿ ಆಗೋದು ಇದು: ಡೋಪಮಿನ್ ಅನ್ನೋ ರಾಸಾಯನಿಕ ತಯಾರಿಸೋ ಮೆದುಳಿನ ಕೋಶಗಳು ಸಾಯ್ತಾ ಬರುತ್ತವೆ. ಮೆದುಳಿನ ಆಳದಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅಂತ ಅವರೆಕಾಳಿಗಿಂತ ಚಿಕ್ಕ ಗಂಟು ಇದೆ, ಬಲಕ್ಕೊಂದು ಎಡಕ್ಕೊಂದು. ಚಲನೆಗೆ ಬ್ರೇಕ್ ಹಾಕೋ ಜಾಲದ ಮುಖ್ಯ ಕೊಂಡಿ ಅದು. ಡೋಪಮಿನ್ ಕಮ್ಮಿಯಾದ್ರೆ ಅಲ್ಲಿನ ನರಕೋಶಗಳು ಒಟ್ಟಿಗೆ ಒಂದೇ ತಾಳಕ್ಕೆ ಮಿಡಿಯೋಕೆ ಶುರು ಮಾಡ್ತವೆ. ಆ ತಾಳ ಬೀಟಾ.

ಗೊತ್ತಾಗಿದ್ದು ಹೇಗೆ? ಡಿಬಿಎಸ್‌ಗೆ ತಂತಿ ಇಳಿಸಿದ ಮೇಲೆ ಬ್ಯಾಟರಿ ಜೋಡಿಸೋ ಮುಂಚೆ ಕೆಲವು ದಿನ ತಂತಿಯ ತುದಿ ಹೊರಗೇ ಇರೋ ಸಂದರ್ಭ ಇತ್ತು. ಆ ಬಿಡುವಿನಲ್ಲಿ ಲಂಡನ್‌ನ ಪೀಟರ್ ಬ್ರೌನ್ ತಂಡ ಒಳಗಿನ ವಿದ್ಯುತ್ತನ್ನು ಕೇಳಿಸಿಕೊಂಡಿತು. 2001ರ ಅವರ ವರದಿ ಪ್ರಕಾರ ಮಾತ್ರೆ ಇಲ್ಲದಾಗ ಬೀಟಾ ಎತ್ತರ, ಲೆವೊಡೋಪಾ (ಮೆದುಳಲ್ಲಿ ಡೋಪಮಿನ್ ಆಗಿ ಬದಲಾಗೋ ಔಷಧಿ) ಕೊಟ್ಟ ಮೇಲೆ ಅದು ಇಳಿದು 70 ಹರ್ಟ್ಸ್ ಆಸುಪಾಸಿನ ಬೇರೆ ಅಲೆ ಎದ್ದಿತು. 2006ರಲ್ಲಿ ಆಂಡ್ರಿಯಾ ಕ್ಯೂನ್ ಮತ್ತು ಸಂಗಡಿಗರು ತೋರಿಸಿದ್ದು: ಮಾತ್ರೆಯಿಂದ ಬೀಟಾ ಎಷ್ಟು ಇಳಿಯುತ್ತೋ ಬಿಗಿತ ಮತ್ತು ನಿಧಾನ ಅಷ್ಟು ಸುಧಾರಿಸುತ್ತೆ. ನಡುಕಕ್ಕೆ ಮಾತ್ರ ಈ ಲೆಕ್ಕ ಹೊಂದಲ್ಲ. ನಡುಕದ ತಾಳವೇ ಬೇರೆ, ಸೆಕೆಂಡಿಗೆ 4ರಿಂದ 6. ನಿಮ್ಮ ತಂದೆಗೆ ನಡುಕ ಕಮ್ಮಿ, ಬಿಗಿತ ಜಾಸ್ತಿ ಅಂದ್ರಲ್ಲ, ಹಾಗಾಗಿ ಆ ಡಾಕ್ಟರ್ ಬೀಟಾ ಪ್ರಸ್ತಾಪ ಮಾಡಿರಬಹುದು.

ಅಮ್ಮನಿಗೆ ದಯವಿಟ್ಟು ಹೇಳಿ, ಅದು ನಾಟಕ ಅಲ್ಲ.

ಲೈನ್‌ಬಜಾರ್

ನಾಟಕ ಅನ್ನೂ ಮಾತು ನಮ್ಮ ಮನ್ಯಾಗೂ ಆಗೇದ್ರಿ. ನಾನs ಪೇಷಂಟ್, ಆರು ವರ್ಷ ಆತು. ಧಾರವಾಡದಾಗ ಗಣಿತ ಕಲಸ್ತಿದ್ದೆ.

ಹೊರಗಿನವರಿಗೆ ತಿಳಿಯೂದಿಲ್ಲಂತ ಬರೀತೇನಿ. ಗುಳಿಗಿ ಇಳದಾಗ ಅಂಗಿ ಗುಂಡಿ ಹಾಕೂದು ಅಂದ್ರ ಒಂದು ಪರೀಕ್ಷಾ. ಬೆರಳಿಗೆ ಗುಂಡಿ ಸಿಕ್ಕದ, ಕಾಜ ಕಾಣಸ್ತದ, ಏನ್ ಮಾಡಬೇಕಂತನೂ ಗೊತ್ತದ. ಆದ್ರ ‘ಹೂಂ, ನಡಿ’ ಅಂತ ಒಳಗಿಂದ ಯಾರೂ ಅನ್ನೂದಿಲ್ಲ. ಸಿಂಡೋಪಾ ಗುಳಿಗಿ ತಗೊಂಡು ಮುಕ್ಕಾಲು ತಾಸಿಗೆ ಅದೇ ಗುಂಡಿ ಲಕ್ಷ್ಯ ಇಲ್ಲದಂಗ ಹಾಕಿಬಿಡ್ತೇನಿ. ಭಟ್ಟರ ಸ್ಟೇ ಆರ್ಡರ್ ಮಾತು ಓದಿ ನಕ್ಕೆ, ಖರೇನ ಹಂಗs ಅನಸ್ತದ.

ಈಗ ನನ್ನ ಪ್ರಶ್ನೆ. ಕೈಕಾಲಷ್ಟs ಅಲ್ರಿ, ವಿಚಾರನೂ ಅಂಟಕೋತಾವ. ಮೊಮ್ಮಗಳಿಗೆ ಲೆಕ್ಕಾ ಹೇಳಿಕೊಡ್ತೇನಿ. ಭಿನ್ನರಾಶಿ ಬರತಾವ, ತಪ್ಪಾಗೂದಿಲ್ಲ. ಆದ್ರ ಆಕಿ ನಡಬರಕ ರೇಖಾಗಣಿತದ್ದು ಏನರ ಕೇಳಿದ್ಲಂದ್ರ, ಅಲ್ಲಿಗೆ ಹೊಳ್ಳಾಕ ನನಗ ಹೊತ್ತು ಹಿಡೀತದ. ತಲಿಯೊಳಗ ಇನ್ನೂ ಛೇದನs ಕುಂತಿರ್ತದ. ಇದಕ್ಕೂ ಬೀಟಾಕ್ಕೂ ಏನರ ಸಂಬಂಧ ಅದ ಏನ್ರಿ?

ಹೆಜ್ಜೆಗೆಜ್ಜೆ

ಮೇಷ್ಟ್ರ ಪ್ರಶ್ನೆಗೆ ಓದಿಕೊಂಡವರು ಉತ್ತರಿಸಲಿ. ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್, ಸೈಕಲಿನ ವಿಷಯ ಮಾತ್ರ ಹೇಳ್ತೇನೆ.

ಹಿನ್ನೀರು ಅವರೇ, ನಿಮ್ಮ ತಂದೆಯ ಹಾಗಿನವರು ಬೇರೆ ಕಡೆಯೂ ಉಂಟು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಬಾಸ್ಟಿಯಾನ್ ಬ್ಲೂಮ್ ಎಂಬ ನರತಜ್ಞರು ಒಂದು ವಿಡಿಯೋ ಪ್ರಕಟಿಸಿದರು. ಮನುಷ್ಯನಿಗೆ ನಾಲ್ಕು ಹೆಜ್ಜೆ ಇಡ್ಲಿಕ್ಕೆ ಆಗುವುದಿಲ್ಲ, ಬೀಳ್ತಾನೆ. ಸೈಕಲ್ ಕೊಟ್ಟರೆ ರಸ್ತೆಯಲ್ಲಿ ಹೋಗಿ ತಿರುಗಿಸಿಕೊಂಡು ಬರ್ತಾನೆ. ನೋಡಿದವರೆಲ್ಲ ಬಾಯಿ ಬಿಟ್ಟರು. ಆಮೇಲೆ 2017ರಲ್ಲಿ ಡ್ಯೂಸೆಲ್ಡಾರ್ಫಿನಲ್ಲಿ ಡಿಬಿಎಸ್ ತಂತಿ ಇದ್ದವರನ್ನು ಒಮ್ಮೆ ನಡೆಸಿ, ಒಮ್ಮೆ ನಿಂತಲ್ಲೇ ಪೆಡಲ್ ತುಳಿಸಿ ಒಳಗಿನ ಬೀಟಾ ಅಳೆದರು. ನಡೆಯುವಾಗ ಬೀಟಾ ತಗ್ಗುತ್ತದೆ, ಪೆಡಲ್ ತುಳಿಯುವಾಗ ಇನ್ನೂ ಹೆಚ್ಚು ತಗ್ಗುತ್ತದೆ. ಯಾಕೆ ಅಂದ್ರೆ, ನನ್ನ ಅಂದಾಜು ಹೇಳ್ತೇನೆ: ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಒಂದು ನಿಲುಗಡೆ ಉಂಟು, ಪಾದ ಊರಿ ಭಾರ ಹಾಕಿ ಮತ್ತೆ ಹೊಸದಾಗಿ ಎತ್ತಬೇಕು. ಪೆಡಲಿನಲ್ಲಿ ಆ ನಿಲುಗಡೆಯೇ ಇಲ್ಲ, ಒಂದು ಕಾಲು ಕೆಳಗೆ ಹೋದರೆ ಇನ್ನೊಂದನ್ನು ಅದೇ ಮೇಲೆ ತರ್ತದೆ.

ಆದರೆ ಮಾರಾಯ್ರೆ, ತೋಟದ ದಾರಿಯಲ್ಲಿ ಬಿಡಬೇಡಿ. ಸೈಕಲ್ ಓಡುವಾಗ ತೊಂದರೆ ಇಲ್ಲ, ಹತ್ತುವಾಗ ಇಳಿಯುವಾಗ ಬೀಳ್ತಾರೆ. ಮನೆಯಲ್ಲಿ ಸ್ಟ್ಯಾಂಡ್ ಹಾಕಿದ ಸೈಕಲ್ ತುಳಿಯಲಿ.

ಹೊಸಿಲಿಗೆ ಒಂದು ಉಪಾಯ. ಬಾಗಿಲಿನ ಮೊದಲು ಮೂರು ಮತ್ತು ಆಚೆ ಎರಡು ಅಡ್ಡಗೆರೆ ಎಳೆಯಿರಿ, ಅವರ ಒಂದು ಹೆಜ್ಜೆಯಷ್ಟು ಅಂತರ ಇರಲಿ. ನೆಲದ ಬಣ್ಣಕ್ಕೆ ಎದ್ದು ಕಾಣಬೇಕು. ‘ನಡಿ’ ಅನ್ನಬೇಡಿ, ‘ಗೆರೆ ದಾಟಿ’ ಅನ್ನಿ. ತಾನಾಗಿ ಬರುವ ನಡಿಗೆಯ ದಾರಿ ಕಟ್ಟಿದೆ, ನೋಡಿ ಗುರಿ ಇಟ್ಟು ಕಾಲು ಹಾಕುವ ದಾರಿ ಇನ್ನೂ ತೆರೆದಿದೆ. ಅಂಟಿಕೊಂಡಾಗ ಕೈ ಹಿಡಿದು ಎಳೆಯುವುದು ಬೇಡವೇ ಬೇಡ. ನಿಂತು, ಉಸಿರು ಬಿಟ್ಟು, ಭಾರ ಒಂದು ಕಾಲಿಗೆ ವಾಲಿಸಿ, ಆಮೇಲೆ ಇನ್ನೊಂದನ್ನು ಎತ್ತಲಿ.

ತೋಟದ ಮನೆ

ಇಷ್ಟೆಲ್ಲ ಯಾಕೆ? ನಸುಗುನ್ನಿ ಬೀಜದ ಪುಡಿ ಹಾಲಲ್ಲಿ ಕೊಡಿ. ನಮ್ಮ ಕಡೆ ಬೇಲಿ ಮೇಲೆಲ್ಲ ಬೆಳೆಯುತ್ತೆ.

ನರಮಂಡಲ

ತೋಟದ ಮನೆಯವರೇ, ಸುಳ್ಳು ಅಂತ ತಳ್ಳಿಹಾಕಲ್ಲ. ಮುಟ್ಟಿದ್ರೆ ಮೈಯೆಲ್ಲ ತುರಿಸೋ ಆ ನಸುಗುನ್ನಿಯ ಬೀಜದಲ್ಲಿ ನಿಜವಾಗ್ಲೂ ಲೆವೊಡೋಪಾ ಇದೆ. ಸಮಸ್ಯೆ ಇರೋದೂ ಅಲ್ಲೇ. ಈಗಾಗಲೇ ಮಾತ್ರೆ ತಗೊಳ್ಳೋರಿಗೆ ಲೆಕ್ಕವಿಲ್ಲದ ಪುಡಿ ಸೇರಿದ್ರೆ ಡೋಸು ಎಷ್ಟಾಯ್ತು ಅಂತ ಯಾರಿಗೂ ಗೊತ್ತಾಗಲ್ಲ, ಮೈ ತನ್ನಷ್ಟಕ್ಕೆ ಹೊಯ್ದಾಡೋಕೆ ಶುರುವಾಗಬಹುದು, ವಾಂತಿ ಬರಬಹುದು, ಬಿಪಿ ಬೀಳಬಹುದು. ಡಾಕ್ಟರಿಗೆ ಹೇಳದೆ ಬೇಡ.

ಗಿಡಗಳ ಮಾತು ಬಂತಲ್ಲ, ಒಂದು ಕಥೆ. ನಮ್ಮ ಸರ್ಪಗಂಧಿಯಿಂದ ತೆಗೆದ ರಿಸರ್ಪಿನ್ ಅನ್ನೋ ಬಿಪಿ ಔಷಧಿ ಮೆದುಳಿನ ಡೋಪಮಿನ್ ದಾಸ್ತಾನು ಖಾಲಿ ಮಾಡುತ್ತೆ. ಸ್ವೀಡನ್‌ನ ಅರ್ವಿದ್ ಕಾರ್ಲ್‌ಸನ್ 1957ರಲ್ಲಿ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋತುಬಿಟ್ಟು ಕೂತಲ್ಲೇ ಕೂತವು. ಮೇಲೆ ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಪಾರ್ಕಿನ್ಸನ್ ಚಿಕಿತ್ಸೆಗೆ ದಾರಿ ತೋರಿಸಿದ್ದು ಆ ಮೊಲಗಳು, 2000ದಲ್ಲಿ ನೊಬೆಲ್ ಬಂತು. ಒಂದು ಬೇಲಿಗಿಡ ಕೊಡೋದನ್ನ ಇನ್ನೊಂದು ಗಿಡ ಕಸಿಯುತ್ತೆ ನೋಡಿ.

ಅನುಮಾನ ಪಕ್ಷಿ

ಎಲ್ಲ ಚೆನ್ನಾಗಿದೆ. ಆದ್ರೆ ಬೀಟಾನೇ ಕಳ್ಳ ಅನ್ನೋಕೆ ಸಾಕ್ಷಿ ಏನ್ರೀ? ಕಳ್ಳತನ ಆದಾಗೆಲ್ಲ ಪೊಲೀಸ್ ಜೀಪ್ ಅಲ್ಲಿರುತ್ತೆ, ಹಾಗಂತ ಜೀಪೇ ಕದ್ದಿದ್ದಾ?

ಕೋತಿಗಳಿಗೆ ಎಂಪಿಟಿಪಿ ಅನ್ನೋ ವಿಷ ಸ್ವಲ್ಪ ಸ್ವಲ್ಪವೇ ಕೊಟ್ಟು ಪಾರ್ಕಿನ್ಸನ್ ಬರಿಸಿದ ಪ್ರಯೋಗ ಇದೆ, ಲೆಬ್ಲುವಾ ತಂಡದ್ದು, 2007. ಅಲ್ಲಿ ಚಲನೆ ಮೊದಲು ಕುಂಠಿತವಾಯ್ತು, ಕೋಶಗಳು ಒಂದೇ ತಾಳಕ್ಕೆ ಮಿಡಿಯೋದು ಕಾಣಿಸಿದ್ದು ತಡವಾಗಿ. ಕಾರಣ ಆಮೇಲೆ ಬಂದು ಪರಿಣಾಮ ಮೊದಲು ಬರೋದು ನಾನು ಎಲ್ಲೂ ನೋಡಿಲ್ಲ.

ಜೊತೆಗೆ ಆನ್‌ಲೈನಲ್ಲಿ ‘ಬೀಟಾ ಹೆಚ್ಚಿಸಿ ಏಕಾಗ್ರತೆ ಪಡೆಯಿರಿ’ ಅಂತ ಮೆದುಳಿನ ಅಲೆ ಅಳೆಯೋ, ಹಣೆಗೆ ಕಟ್ಟೋ ಪಟ್ಟಿ ಮಾರ್ತಾರೆ. ಭಾವಮೈದ ಒಂದು ತಂದ. ನಾನು ಹಲ್ಲು ಕಚ್ಚಿ ಹಿಡಿದೆ ಅಷ್ಟೇ, ಮೊಬೈಲಲ್ಲಿ ಬೀಟಾ ಮೇಲಕ್ಕೆ ಚಿಮ್ಮಿತು, ‘ಅದ್ಭುತ ಏಕಾಗ್ರತೆ’ ಅಂತ ಬಂತು.

ಡಿಸಿಬೆಲ್ ಭಟ್ಟ

ಹಣೆಪಟ್ಟಿ ವಿಷಯದಲ್ಲಿ ನೂರಕ್ಕೆ ನೂರು ಒಪ್ತೀನಿ. ಹಣೆ ಮತ್ತು ದವಡೆಯ ಸ್ನಾಯುಗಳ ವಿದ್ಯುತ್ತು ಅದೇ ಸೈಕಲ್‌ಗಳಲ್ಲಿ ಬಂದು ಕೂರುತ್ತೆ, ಅದೂ ಮೆದುಳಿನ ಸಿಗ್ನಲ್‌ಗಿಂತ ದೊಡ್ಡದಾಗಿ. ಅಲ್ಪ್ರಜೋಲಾಮ್ ಥರದ ನಿದ್ದೆ ಮಾತ್ರೆ ತಗೊಂಡ್ರೂ ಇಇಜಿಯಲ್ಲಿ ಬೀಟಾ ಏರುತ್ತೆ. ತೂಕಡಿಸೋನಿಗೂ ‘ಅದ್ಭುತ ಏಕಾಗ್ರತೆ’ ಸರ್ಟಿಫಿಕೇಟ್ ಸಿಗಬಹುದು!

ಕಳ್ಳ–ಜೀಪಿನ ಪ್ರಶ್ನೆ ಗಟ್ಟಿ ಪ್ರಶ್ನೆ. ನಿಮ್ಮ ಎದುರು ಪಕ್ಷಕ್ಕೂ ಒಂದು ಸಾಕ್ಷಿ ಇದೆ. 2009ರಲ್ಲಿ ಬ್ರೌನ್ ತಂಡವೇ ಆರೋಗ್ಯವಂತರ ತಲೆಯ ಮೇಲಿಂದ 20 ಹರ್ಟ್ಸ್ ಸಣ್ಣ ವಿದ್ಯುತ್ ಹಾಯಿಸಿತು. ಅವರ ಕೈಚಲನೆ ಸುಮಾರು 10 ಶೇಕಡಾ ನಿಧಾನವಾಯ್ತು. ಅಂದ್ರೆ ಜೀಪು ಬರೀ ನಿಂತಿಲ್ಲ, ರಸ್ತೆಗೆ ಸ್ವಲ್ಪ ಅಡ್ಡವೂ ನಿಂತಿದೆ. ಪೂರ್ತಿ ಕಳ್ಳ ಅಂತ ನಾನೂ ಹೇಳಲ್ಲ. ಡೋಪಮಿನ್ ಹೋದದ್ದು ಮೂಲ, ಬೀಟಾ ಆ ಬಿಗಿತವನ್ನು ಹಿಡಿದಿಡೋ ಕೈಗಳಲ್ಲಿ ಒಂದು.

ಇನ್ನೊಂದು ಮಾತು, ನನ್ನ ಕಸುಬಿಗೆ ಹತ್ತಿರವಾದದ್ದು. ನೂರಾರು ಸಲ ಅಳೆದು ಸರಾಸರಿ ತೆಗೆದಾಗ ಬೀಟಾ ಮೆಲ್ಲಗೆ ಏರಿ ಮೆಲ್ಲಗೆ ಇಳಿಯೋ ನುಣುಪಾದ ದಿಬ್ಬದ ಹಾಗೆ ಕಾಣುತ್ತೆ. ಒಂದೊಂದೇ ದಾಖಲೆ ಬಿಡಿಸಿ ನೋಡಿ, ದಿಬ್ಬವೇ ಇಲ್ಲ! ಅಲ್ಲೊಂದು ಇಲ್ಲೊಂದು ಅಲೆಗಳ ಗುಚ್ಛ, ಮಧ್ಯೆ ಮೌನ. ಮಳೆಮಾಪಕದ ಲೆಕ್ಕದ ಹಾಗೆ. ದಿನಕ್ಕೆ ಇಷ್ಟು ಮಿಲಿಮೀಟರ್ ಅಂತ ಬರೆದಿರುತ್ತೆ, ಸೋನೆಯಾಗಿ ಸುರಿಯಿತೋ ನಾಲ್ಕು ಸಲ ರಪ್ಪನೆ ಹೊಡೆದು ಹೋಯ್ತೋ ಅದರಲ್ಲಿ ಗೊತ್ತಾಗಲ್ಲ. ಆರೋಗ್ಯವಂತ ಮೆದುಳಿನ ಹೊರಪದರದಲ್ಲಿ ಒಂದು ಗುಚ್ಛ ಸುಮಾರು 150 ಮಿಲಿಸೆಕೆಂಡು, ಮೂರು ಅಲೆಯಷ್ಟೇ. ಪಾರ್ಕಿನ್ಸನ್ ಇದ್ದವರಲ್ಲಿ ಆಳದ ಗಂಟಿನಲ್ಲಿ ಅರ್ಧ ಸೆಕೆಂಡಿಗೂ ಮೀರಿ ಎಳೆಯೋ ಗುಚ್ಛಗಳು ಹೆಚ್ಚು. 2017ರಲ್ಲಿ ಟಿಂಕ್‌ಹೌಸರ್ ಮತ್ತು ಸಂಗಡಿಗರು ಹೇಳಿದ್ದು ಇದನ್ನೇ: ಉದ್ದನೆಯ ಗುಚ್ಛ ಹೆಚ್ಚಿದ್ದಷ್ಟೂ ಚಲನೆಯ ತೊಂದರೆ ಹೆಚ್ಚು, ಚಿಕ್ಕ ಗುಚ್ಛಗಳಿಂದ ತೊಂದರೆ ಇಲ್ಲ. ತಡೆಯಾಜ್ಞೆ ಕೊಡೋದು ತಪ್ಪಲ್ಲ, ವಾಯಿದೆ ಮೇಲೆ ವಾಯಿದೆ ಬೀಳೋದು ತಪ್ಪು.

ಆ ಹೊಸ ಮಶೀನಿನ ಆಲೋಚನೆ ಇದರ ಮೇಲೇ ನಿಂತಿದೆ. ಗ್ರೆನೋಬಲ್‌ನಲ್ಲಿ ಬೆನಾಬಿಡ್ 1987ರಲ್ಲಿ ಶುರು ಮಾಡಿದ ಡಿಬಿಎಸ್ ಹಗಲೂ ರಾತ್ರಿ ಒಂದೇ ಸಮನೆ ಮಿಡಿಯುತ್ತೆ, ಸಾಮಾನ್ಯವಾಗಿ 130 ಹರ್ಟ್ಸ್. ಬೀಟಾ ಏರಿದಾಗ ಮಾತ್ರ ಕರೆಂಟ್ ಕೊಟ್ರೆ? 2013ರಲ್ಲಿ ಸೈಮನ್ ಲಿಟ್ಲ್ ಮತ್ತು ಬ್ರೌನ್ ತಂಡ ಕೆಲವೇ ರೋಗಿಗಳಲ್ಲಿ, ಕೆಲವೇ ನಿಮಿಷ ಪರೀಕ್ಷಿಸಿತು. ಕರೆಂಟ್ ಹರಿದ ಸಮಯ 56 ಶೇಕಡಾ ಕಮ್ಮಿ, ಫಲಿತಾಂಶ ಸದಾ ಹರಿಸಿದ್ದಕ್ಕಿಂತ ಉತ್ತಮ. ಅಲ್ಲಿಂದ ಅಮೆರಿಕದ ಎಫ್‌ಡಿಎ ಒಪ್ಪಿಗೆ ಬರೋಕೆ 2025ರ ಫೆಬ್ರವರಿ ಆಯ್ತು. ತಡವಾದದ್ದಕ್ಕೆ ಒಂದು ಕಾರಣ ಹೇಳ್ತೀನಿ. ಕೊಡೋ ಕರೆಂಟ್ ವೋಲ್ಟ್‌ಗಳಲ್ಲಿ, ಕೇಳಬೇಕಾದ ಬೀಟಾ ಮೈಕ್ರೋವೋಲ್ಟ್‌ಗಳಲ್ಲಿ. ಜಾತ್ರೆಯ ಧ್ವನಿವರ್ಧಕದ ಪಕ್ಕ ಕೂತು ಪಿಸುಮಾತು ಕೇಳಿಸಿಕೊಳ್ಳೋ ಕೆಲಸ ಅದು.

ಅನುಮಾನ ಪಕ್ಷಿ

ಮಳೆಮಾಪಕ ಒಪ್ಪಿದೆ. ಜೀಪ್ ಬಗ್ಗೆ ಅನುಮಾನ ಜಾರಿಯಲ್ಲಿದೆ.

ನರಮಂಡಲ

ಲೈನ್‌ಬಜಾರ್ ಸರ್, ನಿಮ್ಮ ಭಿನ್ನರಾಶಿ ಪ್ರಶ್ನೆ ಎರಡು ದಿನ ತಲೆಯಲ್ಲೇ ಇತ್ತು.

ಸಂಬಂಧ ಇದೆ ಅನ್ನೋ ಕಡೆಗೇ ಸಂಶೋಧನೆ ಹೋಗ್ತಿದೆ. ಎಂಐಟಿಯ ಅರ್ಲ್ ಮಿಲ್ಲರ್ ಅವರ ಪ್ರಯೋಗಾಲಯದಿಂದ 2016ರಲ್ಲಿ ಲುಂಡ್‌ಕ್ವಿಸ್ಟ್ ಮತ್ತು ಸಂಗಡಿಗರ ಕೆಲಸ ಬಂತು. ಕೋತಿಗಳು ಕೆಲವು ಬಣ್ಣದ ಚೌಕಗಳನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಬೇಕು. ಮುಂಭಾಗದ ಮೆದುಳಿನಲ್ಲಿ ಹೊಸದನ್ನು ಬರೆದುಕೊಳ್ಳೋವಾಗ, ಮತ್ತೆ ತೆಗೆದು ಓದೋವಾಗ ಗಾಮಾ (ಬೀಟಾಕ್ಕಿಂತ ವೇಗದ ಅಲೆ) ಗುಚ್ಛಗಳು ಏಳುತ್ತವೆ, ಬೀಟಾ ತಗ್ಗುತ್ತೆ. ಉಳಿದ ಹೊತ್ತು ಬೀಟಾ ಕಾವಲು ಕೂತಿರುತ್ತೆ. ಅಲ್ಲೂ ಅದೇ ಗುಣ ನೋಡಿ, ಇದ್ದದ್ದನ್ನು ಕೆಡದ ಹಾಗೆ ಕಾಯೋದು, ಹೊಸದು ನುಗ್ಗದ ಹಾಗೆ ಬಾಗಿಲು ಹಾಕೋದು. ನಿಮ್ಮ ಛೇದ ಎದ್ದು ಹೋಗದೆ ರೇಖಾಗಣಿತಕ್ಕೆ ಜಾಗ ಸಿಗ್ತಿಲ್ಲ ಅನ್ನೋದು ಅದಕ್ಕೆ ಹೊಂದುತ್ತೆ. ಆದ್ರೆ ಪಾರ್ಕಿನ್ಸನ್‌ನಲ್ಲಿ ಯೋಚನೆ ನಿಧಾನವಾಗೋದಕ್ಕೆ ಡೋಪಮಿನ್ ಕೊರತೆ, ನಿದ್ದೆಗೇಡು, ಖಿನ್ನತೆ, ಬೇರೆ ರಾಸಾಯನಿಕಗಳ ಕೊರತೆ ಎಲ್ಲ ಸೇರಿರುತ್ತವೆ. ಎಲ್ಲವನ್ನೂ ಬೀಟಾ ತಲೆಗೆ ಕಟ್ಟೋದು ಬೇಡ.

ಹಿನ್ನೀರು ಅವರು ಗಮನಿಸಬೇಕಾದ ಮಾತೂ ಇಲ್ಲೇ ಇದೆ. ಬ್ರೇಕ್ ಇರೋದು ಕೈಕಾಲಿಗೆ ಮಾತ್ರ ಅಲ್ಲ. ಎರಡರಲ್ಲಿ ಯಾವುದು ಅಂತ ಗೊಂದಲ ಆದಾಗ ‘ತಾಳು, ಯೋಚಿಸು’ ಅಂತ ತಡೆ ಹಿಡಿಯೋದರಲ್ಲೂ ಆ ಅವರೆಕಾಳಿನ ಪಾತ್ರ ಇದೆ. 2007ರಲ್ಲಿ ಮೈಕೆಲ್ ಫ್ರಾಂಕ್ ತಂಡ ನೋಡಿದ್ದು: ಡಿಬಿಎಸ್ ಆನ್ ಇದ್ದವರು ಕಷ್ಟದ ಆಯ್ಕೆ ಬಂದಾಗ ನಿಧಾನಿಸಬೇಕಾದಲ್ಲಿ ಅವಸರ ಮಾಡಿದ್ರು. ಆಪರೇಷನ್ ಆದ್ರೆ ಮೊದಲ ತಿಂಗಳುಗಳಲ್ಲಿ ಖರ್ಚು, ಸಿಟ್ಟು, ಮಾತಿನ ಧಾಟಿ ಬದಲಾಯ್ತಾ ಅಂತ ಮನೆಯವರು ಗಮನಿಸಿ. ಮಾತು ಹೊಳೆಯೋದು ಸ್ವಲ್ಪ ತಡವಾಗೋದೂ ಉಂಟು. ಇದನ್ನೆಲ್ಲ ಆಪರೇಷನ್ ಮುಂಚೆ ಕೇಳಿ, ಸಂಕೋಚ ಬೇಡ.

ಲೈನ್‌ಬಜಾರ್

ಭಾಳ ಉಪಕಾರ ಆತು ಡಾಕ್ಟರ್ರ. ಇನ್ಮ್ಯಾಲೆ ಮೊಮ್ಮಗಳಿಗೆ ‘ತಡಿಯವ್ವಾ, ಛೇದ ಎದ್ದು ಹೋಗ್ಲಿ’ ಅಂತ ಹೇಳ್ತೇನಿ.

ಹಿನ್ನೀರು

ಹದಿನೈದು ದಿನದ ಮೇಲೆ ಬರೀತಿದ್ದೀನಿ.

ಗೆರೆ ಎಳೀಬೇಕು ಅಂದಾಗ ಅಮ್ಮ ರಂಗೋಲಿ ಪುಡಿ ತಂದ್ರು. ಅಪ್ಪ ಬೇಡ ಅಂದು ಹಳೇ ಟೂಲ್ ಬ್ಯಾಗಿಂದ ಕೆಂಪು ಇನ್ಸುಲೇಶನ್ ಟೇಪ್ ತೆಗೆಸಿದ್ರು. ಹೆಜ್ಜೆ ಅಳತೆ ನಾನು ತಗೊಂಡೆ, ಟೇಪ್ ಹರಿದು ಕೊಟ್ಟಿದ್ದು ಅಪ್ಪ, ಹಲ್ಲಲ್ಲೇ ಕಚ್ಚಿ, ಕಂಬದ ಮೇಲೆ ಮಾಡ್ತಿದ್ದ ಹಾಗೆ. ಐದು ಗೆರೆ. ಮೊದಲ ದಿನ ಗೆರೆ ನೋಡಿ ನಿಂತ್ರು, ಭಾರ ಎಡಕ್ಕೆ ವಾಲಿಸಿದ್ರು, ಬಲಗಾಲು ಎತ್ತಿ ದಾಟಿದ್ರು. ಅಡುಗೆಮನೆ ಒಳಗೆ ಹೋಗಿ ನಮ್ಮನ್ನೇ ತಿರುಗಿ ನೋಡಿದ್ರು.

ನಾಲ್ಕನೇ ದಿನ ಮತ್ತೆ ಅಂಟಿಕೊಂಡ್ರು. ಏನಾಯ್ತು ಅಂದ್ರೆ ಸರಿಯಾಗಿ ಮೂರನೇ ಗೆರೆ ಹತ್ತಿರ ಇದ್ದಾಗ ಅಮ್ಮ ಒಳಗಿಂದ ‘ಗ್ಯಾಸ್ ಬುಕ್ ಮಾಡಿದ್ರಾ?’ ಅಂತ ಕೇಳಿದ್ರು. ಉತ್ತರ ಹುಡುಕೋಕೆ ಹೋದ್ರು, ಕಾಲು ನಿಂತಿತು. ಈಗ ಮನೆಯಲ್ಲಿ ಹೊಸಿಲ ಹತ್ತಿರ ಯಾರೂ ಅಪ್ಪನನ್ನ ಮಾತಾಡಿಸೋ ಹಾಗಿಲ್ಲ. ಅಮ್ಮ ‘ನಾಟಕ’ ಅನ್ನೋದು ಬಿಟ್ಟಿದ್ದಾರೆ. ಸೈಕಲ್ಲಿಗೆ ಸ್ಟ್ಯಾಂಡ್ ಮಾಡಿಸೋಕೆ ವೆಲ್ಡಿಂಗ್ ಅಂಗಡಿಗೆ ಕೊಟ್ಟಿದ್ದೀವಿ.

ಬೆಂಗಳೂರಿಗೆ ಮುಂದಿನ ತಿಂಗಳು ಹೋಗ್ತೀವಿ. ಕೇಳಬೇಕಾದ್ದು ಬರೆದಿಟ್ಟಿದ್ದೀನಿ. ಅಪ್ಪ ತಮ್ಮ ಕಡೆಯಿಂದ ಒಂದು ಸೇರಿಸಿದ್ದಾರೆ, ಭಟ್ರನ್ನ ಕೇಳು ಅಂದ್ರು: ‘ಒಂದೇ ತಂತಿ ತಲೆಗೆ ಹೋಗುತ್ತೆ ಅಂತೀರಿ, ಹಾಗಾದ್ರೆ ರಿಟರ್ನ್ ಎಲ್ಲಿಂದ? ಅರ್ಥಿಂಗ್ ಎಲ್ಲಿ ಕೊಡ್ತಾರೆ?’

ಡಿಸಿಬೆಲ್ ಭಟ್ಟ

ಇಂಥ ಪ್ರಶ್ನೆ ಇಲ್ಲಿ ನನ್ನ ಸಹೋದ್ಯೋಗಿಗಳೂ ಕೇಳಲ್ಲ.

ಎದೆಯ ಚರ್ಮದ ಕೆಳಗೆ ಬ್ಯಾಟರಿ ಡಬ್ಬಿ ಕೂರಿಸ್ತಾರಲ್ಲ, ಸಾಮಾನ್ಯ ಜೋಡಣೆಯಲ್ಲಿ ಅದರ ಲೋಹದ ಹೊರಮೈಯೇ ರಿಟರ್ನ್. ಕರೆಂಟ್ ತಂತಿಯ ತುದಿಯಿಂದ ಹೊರಟು ಮೈಯೊಳಗಿಂದಲೇ ಡಬ್ಬಿಗೆ ವಾಪಸ್. ಭೂಮಿಗೆ ಅರ್ಥಿಂಗ್ ಇಲ್ಲ. ಇನ್ನು ಬೀಟಾ ಕೇಳಿಸಿಕೊಳ್ಳೋವಾಗ, ತಂತಿಯ ತುದಿಯಲ್ಲಿ ಮೇಲೆ ಕೆಳಗೆ ಕೆಲವು ಲೋಹದ ಉಂಗುರಗಳಿರುತ್ತವೆ. ಕರೆಂಟ್ ಕೊಡೋದು ನಡುವಿನ ಉಂಗುರದಿಂದ. ಅದರ ಮೇಲಿನದಕ್ಕೂ ಕೆಳಗಿನದಕ್ಕೂ ಇರೋ ವ್ಯತ್ಯಾಸ ಮಾತ್ರ ಅಳೀತಾರೆ. ಕೊಟ್ಟ ಕರೆಂಟಿನ ಗದ್ದಲ ಎರಡಕ್ಕೂ ಹೆಚ್ಚುಕಮ್ಮಿ ಸಮ ಬೀಳೋದರಿಂದ ಕಳೆದಾಗ ಬಹಳಷ್ಟು ಹೊಡೆದುಹೋಗುತ್ತೆ, ಬೀಟಾ ಉಳಿಯುತ್ತೆ.

ಹಿನ್ನೀರು

ಓದಿ ಹೇಳಿದೆ. ‘ಹಂಗಾದ್ರೆ ಮಳೆಗಾಲದಲ್ಲಿ ಶಾಕ್ ಹೊಡೆಯಲ್ಲ’ ಅಂದ್ರು. ಆಮೇಲೆ ಗೆರೆ ದಾಟಿ ಕಾಫಿ ತರೋಕೆ ಒಳಗೆ ಹೋದ್ರು. ನಾನು ಮಾತಾಡಿಸಲಿಲ್ಲ.